ಮೊದಲ ಪದದ ಮಾವ

ನಮ್ಮ ಸೋದರಮಾವ ಬದುಕಿನ ಒಂದು ದೊಡ್ಡ ಭಾಗವನ್ನು ಸ್ವಂತದ್ದೊಂದು ಮಾತೂ ಆಡದೆ ಕಳೆದವರು. ಆದರೂ ಗುಬ್ಬಿ ಸೀಮೆಯಲ್ಲಿ ಅವರಷ್ಟು ಮಾತಾಡಿದ ಮನುಷ್ಯ ಇನ್ನೊಬ್ಬನಿಲ್ಲ ಎಂದರೆ ನೀವು ನಂಬಬೇಕು. ರಾಜನ ಮಾತು, ರಾಣಿಯ ಮಾತು, ಮಂತ್ರಿಯ ಮಾತು, ಕೊನೆಗೆ ಬಾಗಿಲು ಕಾಯುವವನ ‘ಅಪ್ಪಣೆ ಪ್ರಭು’ ಕೂಡ ಮೊದಲು ಮಾವನ ಬಾಯಿಂದ ಹೊರಟು ಆಮೇಲೆ ಅವರವರ ಬಾಯಿ ಸೇರುತ್ತಿತ್ತು. ಊರೂರು ತಿರುಗುವ ನಾಟಕ ಕಂಪನಿಯೊಂದರಲ್ಲಿ ಮಾವ ಪ್ರಾಂಪ್ಟರ್ ಆಗಿದ್ದರು. ಪರದೆಯ ಪಕ್ಕದಲ್ಲಿ ನಾಟಕದ ಪ್ರತಿ ಹಿಡಿದು ನಿಂತು, ನಟ ತಡವರಿಸಿದ ಕೂಡಲೇ ಪಿಸುದನಿಯಲ್ಲಿ ಮಾತು ಎತ್ತಿಕೊಡುವ ಕೆಲಸ. ಕಂಪನಿ ಮುಚ್ಚಿದ ಮೇಲೆ ಗುಬ್ಬಿಯ ತೆಂಗಿನಕಾಯಿ ಮಂಡಿಯೊಂದರಲ್ಲಿ ಗುಮಾಸ್ತರಾದರು. ಕೆಲಸ ಬದಲಾಯಿತು, ಚಾಳಿ ಬದಲಾಗಲಿಲ್ಲ.

ಎದುರಿಗಿದ್ದವರು ಮಾತಿನ ನಡುವೆ ಉಸಿರು ತೆಗೆದುಕೊಂಡರೆ ಸಾಕು, ಮುಂದಿನ ಪದ ಮಾವನಿಂದ ಬರುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ‘ಯಾರ್ರೀ’ ಎಂದರೆ ಇವರು ‘ಟಿಕೆಟ್’ ಎನ್ನುತ್ತಿದ್ದರು. ಒಮ್ಮೆ ನಮ್ಮ ದೊಡ್ಡಪ್ಪನ ಮಗಳನ್ನು ನೋಡಲು ಕುಣಿಗಲ್ಲಿನಿಂದ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ಮುಗಿಯಿತು, ಕಾಫಿ ಮುಗಿಯಿತು. ಹುಡುಗ ಎದ್ದು ನಿಂತು, “ನಾವು ಊರಿಗೆ ಹೋಗಿ...” ಎಂದು ತಡೆದ. ಅವನ ಹಿಂದೆಯೇ ಕೂತಿದ್ದ ಮಾವ ಪಿಸುಗುಟ್ಟಿದರು: “ಒಪ್ಪಿಗೆ.” ಹುಡುಗ ಗಾಬರಿಯಲ್ಲಿ “ಒಪ್ಪಿಗೆ” ಎಂದುಬಿಟ್ಟ! ಅವನ ಅಪ್ಪ ಬಾಯಿ ಬಿಟ್ಟುಕೊಂಡು ಕೂತರು. ಆ ದಂಪತಿಗಳು ಈಗಲೂ ಕುಣಿಗಲ್ಲಿನಲ್ಲಿ ಚೆನ್ನಾಗಿದ್ದಾರೆ. ಭಾವ ಮಾತ್ರ ಆಗಾಗ, “ನಾನು ಕಾಗದ ಬರೀತೀವಿ ಅನ್ನೋಕೆ ಹೋಗಿದ್ದೆ ಕಣಪ್ಪಾ” ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳುವುದುಂಟು.

ಮಾವನಿಗೆ ಇನ್ನೊಂದು ಹಟವಿತ್ತು. ಎಲೆಯಡಿಕೆ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಮದುವೆಯೂಟ ಮಾಡಿ ಎಲೆಯಡಿಕೆ ಬೇಡವೆಂದರೆ ಅಡುಗೆ ಚೆನ್ನಾಗಿರಲಿಲ್ಲ ಎಂದು ಹೇಳಿದ ಹಾಗೆಯೇ. ಮಾವ ಎಷ್ಟು ಮನೆಯವರ ಮುಖ ಊದಿಸಿದರೋ! ಅಮ್ಮ ಬೈಯುತ್ತಿದ್ದಳು: “ಅಲ್ಲ ಕಣ್ಲಾ, ಒಂದು ಚೂರು ಎಲೆ ಬಾಯಿಗೆ ಹಾಕ್ಕೊಂಡ್ರೆ ನಿನ್ ಗಂಟೇನ್ ಹೋಗುತ್ತೆ?”

“ಬಾಯಿ ಖಾಲಿ ಇರ್ಬೇಕು ಅಕ್ಕ. ಯಾರಿಗೆ ಯಾವಾಗ ಮಾತು ಬೇಕಾಗುತ್ತೋ.”

“ಕಂಪನಿ ಮುಚ್ಚಿ ಎಷ್ಟು ವರ್ಷ ಆಯ್ತು, ಇನ್ಯಾರಿಗ್ಲಾ ಕೊಡ್ತೀಯ ಮಾತು?”

ಕೊಡಲು ಒಬ್ಬಳು ಸಿಕ್ಕಿದಳು. ನನ್ನ ತಂಗಿ ಗಿರಿಜೆ.

ನಮ್ಮದು ಹೆಬ್ಬೂರು. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಮೈಸೂರಿನಲ್ಲಿ ಎಂ.ಎಸ್‌ಸಿ. ಮಾಡುತ್ತಿದ್ದೆ, ಗಿರಿಜೆ ಎಸ್ಸೆಸ್ಸೆಲ್ಸಿ. ನಾನು ಸಾಕ್ಷಿ ಇಲ್ಲದೆ ಏನನ್ನೂ ನಂಬದವನು. ಈಗೀಗ ನನ್ನ ನೆನಪನ್ನಂತೂ ಸಾಕ್ಷಿಯಿದ್ದರೂ ನಂಬುವುದಿಲ್ಲ. ಆದರೆ ಗಿರಿಜೆ ಪ್ರಿಪರೇಟರಿ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಡುಮ್ಕಿ ಹೊಡೆದದ್ದು ನಿಜ. ಅದನ್ನು ಅವಳೇ ಒಪ್ಪುತ್ತಾಳೆ. ಅವಳಿಗೆ ಟಿ.ಸಿ.ಎಚ್. ಸೇರಿ ಟೀಚರಾಗಬೇಕೆಂಬ ಆಸೆ. ಅದಕ್ಕೆ ಒಳ್ಳೆಯ ಅಂಕಗಳು ಬೇಕು. ಇತ್ತ ಕೊತ್ತಗೆರೆಯಿಂದ ಒಂದು ಸಂಬಂಧ ಬಂದು ಕಾಯುತ್ತಿತ್ತು. ಅಪ್ಪ ಕೆಟ್ಟವರಲ್ಲ, ಗಡಿಬಿಡಿಯವರು. “ಫಸ್ಟ್ ಕ್ಲಾಸ್ ಬಂದ್ರೆ ಓದ್ಲಿ, ಇಲ್ದಿದ್ರೆ ಕೊತ್ತಗೆರೆ” ಎಂದು ತೀರ್ಪು ಕೊಟ್ಟು ತೋಟಕ್ಕೆ ಹೊರಟುಹೋದರು.

ವಿಚಿತ್ರವೆಂದರೆ ಗಿರಿಜೆಗೆ ಎಲ್ಲವೂ ಬರುತ್ತಿತ್ತು. ಅಡುಗೆಮನೆಯಲ್ಲಿ ಕೇಳಿದರೆ ಗಡಗಡ ಹೇಳುವಳು. “ಪೇಪರ್ ಕೈಗೆ ಕೊಟ್ಟ ತಕ್ಷಣ ಎಲ್ಲಾ ಬೆಳ್ಳಗಾಗೋಗುತ್ತೆ ಅಣ್ಣಾ” ಎಂದು ಅತ್ತಳು. ರಜಕ್ಕೆ ಬಂದಿದ್ದ ನಾನು ವಿಶ್ವವಿದ್ಯಾನಿಲಯದ ಗತ್ತಿನಲ್ಲಿ, ಗೆರೆ ಹೊಡೆದು, ಬಣ್ಣ ಬಳಿದು ಒಂದು ಟೈಂಟೇಬಲ್ ಮಾಡಿಕೊಟ್ಟೆ. ಅದನ್ನು ನೋಡಿ ಇನ್ನಷ್ಟು ಅತ್ತಳು. ಆಗ ಗುಬ್ಬಿಯಿಂದ ಮಾವ ಬಂದಿಳಿದರು, ಮಂಡಿಗೆ ರಜ ಹಾಕಿ.

“ಪ್ರಿಪರೇಟರಿ ಅಂದ್ರೆ ಏನ್ಲಾ?” ಎಂದು ನನ್ನನ್ನು ಕೇಳಿದರು.

“ಫೈನಲ್‌ಗೆ ಮುಂಚೆ ಅಭ್ಯಾಸಕ್ಕೆ ಅಂತ ನಡೆಸೋ ಪರೀಕ್ಷೆ ಮಾವ.”

“ಅಂದ್ರೆ ರಿಹರ್ಸಲ್ಲು. ಅದರಲ್ಲಿ ಬಿದ್ದಿದ್ದಕ್ಕಾ ಇಷ್ಟು ರಂಪ? ನಮ್ ಕಂಪನಿ ರಾಜಪಾರ್ಟಿನೋನು ರಿಹರ್ಸಲ್ಲಲ್ಲಿ ಒಂದು ದಿನಾನಾದ್ರೂ ನೆಟ್ಟಗೆ ಮಾಡವ್ನಾ?”

“ಅವ್ನಿಗೆ ನೀವಿದ್ರಿ. ಪರೀಕ್ಷೆ ಹಾಲಿಗೆ ಪ್ರಾಂಪ್ಟರ್ ಬಿಡಲ್ಲ ಮಾವ.”

“ಗೊತ್ತು ಕಣ್ಲಾ. ನೋಡು, ಯಾರೂ ಮಾತು ಮರೆಯಲ್ಲ. ಮೊದಲನೇ ಪದ ಮರೀತಾರೆ, ಅಷ್ಟೇಯ. ಆ ಪದ ಸಿಕ್ಕಿದ್ರೆ ಮಿಕ್ಕಿದ್ದು ಹಿಂದುಗಡೆ ದಾರ ಕಟ್ಟಿದ ಹಂಗೆ ಬರುತ್ತೆ.”

ಇದಕ್ಕೆ ಆಧಾರವೇನೆಂದು ಕೇಳಿದೆ. “ಆಧಾರ ನಿನ್ ಟೈಂಟೇಬಲ್ಲಲ್ಲಿ ಬರ್ಕೋ” ಎಂದರು.

ಮರುದಿನವೇ ರಿಹರ್ಸಲ್ ಶುರು. ಪಡಸಾಲೆಯಲ್ಲಿ ಗಿರಿಜೆ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೂರಬೇಕು. ನಿಜವಾದ ಪರೀಕ್ಷೆಯ ಹಾಗೆಯೇ ಲಂಗದಾವಣಿ ಉಟ್ಟು, ಎರಡು ಜಡೆ ಹಾಕಿ, ಇಂಕ್ ತುಂಬಿದ ಪೆನ್ನು ಹಿಡಿದು. ದೇವರ ಗಂಟೆ ಬಾರಿಸುವವಳು ಅಮ್ಮ. ಮಾವ ನಡುಮನೆಯ ಬಾಗಿಲ ಮರೆಯಲ್ಲಿ ಗೈಡು ಹಿಡಿದು ನಿಲ್ಲುವರು. ಅವಳ ಪೆನ್ನು ನಿಂತರೆ ಪಿಸುದನಿಯಲ್ಲಿ ಒಂದು ಪದ ಬರುತ್ತಿತ್ತು, ಒಂದೇ ಒಂದು. ಎರಡನೆಯದನ್ನು ಎಷ್ಟು ಬೇಡಿದರೂ ಕೊಡುತ್ತಿರಲಿಲ್ಲ. ರೇಖಾಗಣಿತದ ಪ್ರಮೇಯಗಳೆಲ್ಲ ‘ದತ್ತ’ ಎಂಬ ಒಂದೇ ಪದದಿಂದ ಶುರುವಾಗುತ್ತವೆ ಎಂದು ತಿಳಿದ ದಿನ ಮಾವನ ಸಂತೋಷ ನೋಡಬೇಕಿತ್ತು. “ಇಷ್ಟು ಸುಲಭದ ನಾಟಕ ನಾನು ಆಡ್ಸೇ ಇಲ್ಲ” ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದರು.

ಒಳಗಿನ ವಿಷಯ ಅವರಿಗೆ ಒಂದಿಷ್ಟೂ ಗೊತ್ತಿರಲಿಲ್ಲ. ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಎಂದು ಕೇಳಿದರೆ, “ಅದು ಪಾರ್ಟು ಮಾಡೋರ ಕೆಲ್ಸ, ನನ್ನದಲ್ಲ” ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಮಾವ ಬಾಗಿಲ ಮರೆ ಬಿಟ್ಟು ಅಡುಗೆಮನೆಗೆ ಹೋದರು. ಅಲ್ಲಿಂದ ಹಿತ್ತಲ ಬಾಗಿಲಿಗೆ. ಆಮೇಲೆ ಕೊಟ್ಟಿಗೆಗೆ. (ಕೊಟ್ಟಿಗೆಯಲ್ಲ, ಹುಲ್ಲಿನ ಮೆದೆಯ ಪಕ್ಕ ಎನ್ನುತ್ತಾಳೆ ಗಿರಿಜೆ. ನನಗೆ ಎಮ್ಮೆ ನೆನಪಿದೆ. ಎಮ್ಮೆ ಮೆದೆಯ ಹತ್ತಿರವೂ ಇರಬಹುದಲ್ಲ ಎಂದು ಈಗ ಅನುಮಾನ.) ಅಷ್ಟು ದೂರದಿಂದ ಪಿಸುಗುಟ್ಟಿದರೆ ಕೇಳುತ್ತದೆಯೇ? ಮಾವ ಕಂಪನಿಯ ಗಂಟಲಿನಲ್ಲಿ ಕೂಗುತ್ತಿದ್ದರು. “ದ್ಯುತಿಸಂಶ್ಲೇಷಣೇ!” ಬೀದಿಗೆ ಬೀದಿಯೇ ಬೆಚ್ಚಿಬೀಳುತ್ತಿತ್ತು. ಡೈರಿಗೆ ಹಾಲು ಹಾಕಲು ಹೊರಟ ಹೆಂಗಸರು ನಿಂತು, “ಏನವ್ವಾ ಗಿರಿಜಾ, ನಿಮ್ ಮಾವ ಯಾರನ್ನ ಕರೀತಾವ್ರೆ?” ಎಂದು ಕೇಳಿ ಹೋಗುತ್ತಿದ್ದರು.

ಕೂಗುವುದೂ ಸುಮ್ಮನೆ ಆಗುತ್ತಿರಲಿಲ್ಲ. ಗಿರಿಜೆ “ಮಾವಾ” ಎಂದು ಕರೆದು ಪ್ರಶ್ನೆ ಹೇಳಬೇಕು, ಮಾವ ಹಾಳೆ ತಿರುವಬೇಕು, ಕೂಗಬೇಕು. ಅಷ್ಟು ಹೊತ್ತು ಸುಮ್ಮನೆ ಕೂರಲಾರದೆ ಅವಳು ತಾನೇ ಪದ ಹುಡುಕಿಕೊಳ್ಳತೊಡಗಿದಳು.

ಒಂದು ಮಧ್ಯಾಹ್ನ ಮಾವ ಕೂಗಿದ ಪದಕ್ಕೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ. ಹೃದಯದ ಬಗ್ಗೆ ಪ್ರಶ್ನೆ, ಅವರು ಕೂಗಿದ್ದು ಕಾಂತದ ಬಗ್ಗೆ. ಪಡಸಾಲೆಯಿಂದ ಗಿರಿಜೆಯ ಧ್ವನಿ ಅವರಷ್ಟೇ ಜೋರಾಗಿ ಬಂತು: “ಮಾವಾ, ಎರಡು ಹಾಳೆ ಒಟ್ಟಿಗೆ ಮಗುಚಿದೀರ. ನೋಡ್ಕೊಳ್ಳಿ.”

ಪ್ರಾಂಪ್ಟರ್ ಆದವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಹಿಂದೊಮ್ಮೆ ಮಾವ ಹಾಗೆ ಎರಡು ಹಾಳೆ ಮಗುಚಿ, ಯುದ್ಧ ಶುರುವಾಗುವ ಮೊದಲೇ ರಾಜ ರಂಗದ ಮೇಲೆ ಸತ್ತು ಬಿದ್ದಿದ್ದನಂತೆ. ಈಗ ಕೋಪ ಬರುತ್ತದೆ ಎಂದುಕೊಂಡೆ. ಮಾವ ಗೈಡು ಬಿಸಾಕಿ ಅಡುಗೆಮನೆಗೆ ಓಡಿಬಂದು, “ಅಕ್ಕಾ, ಕೇಳಿಸ್ತಾ? ಹುಡುಗಿ ನನ್ ತಪ್ಪು ಹಿಡಿದ್ಲು ಕಣೇ” ಎಂದರು. ಬೇಕೆಂದೇ ಮಗುಚಿದ್ದರೇ? ಆಮೇಲೆ ಎಷ್ಟೋ ಸಲ ಕೇಳಿದೆ. “ನಿಂಗೆ ಆಧಾರ ಬೇಕಲ್ವೇನ್ಲಾ, ಹುಡ್ಕು” ಎಂದು ನಕ್ಕುಬಿಡುತ್ತಿದ್ದರು.

ಫೈನಲ್ ಪರೀಕ್ಷೆಗೆ ಸೆಂಟರ್ ತುಮಕೂರು. ವಿಜ್ಞಾನದ ದಿನ ಮಾವ ಮತ್ತು ನಾನು ಗಿರಿಜೆಯನ್ನು ಹೆಬ್ಬೂರಿನ ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಮಾವ ಮಾತಾಡಲಿಲ್ಲ. ಕಂಡಕ್ಟರ್‌ಗೆ ‘ಟಿಕೆಟ್’ ಎಂಬ ಪದವನ್ನು ಅವನೇ ಹುಡುಕಿಕೊಳ್ಳಬೇಕಾಯಿತು. ಗಿರಿಜೆ ಒಳಗೆ ಹೋದಳು. ಅವಳಿಗೆ ಸಿಕ್ಕಿದ್ದು ರಸ್ತೆ ಕಡೆಯ ಕಿಟಕಿಯ ಪಕ್ಕದ ಜಾಗ. ನಾನು ಒಂದು ಕಡೆ ನಿಲ್ಲುವ ಜಾತಿಯವನಲ್ಲ. ಟೀ ಕುಡಿದೆ, ಕಾಂಪೌಂಡು ಸುತ್ತಿದೆ, ಮತ್ತೆ ಟೀ ಕುಡಿದೆ. ವಾಪಸ್ಸು ಬಂದಾಗ ಕಂಡ ದೃಶ್ಯ ಇದು: ರಸ್ತೆಯ ಆಚೆ, ಹೊಂಗೆ ಮರದ ಕೆಳಗೆ, ಕಿಟಕಿಗೆ ನೇರವಾಗಿ ಮಾವ ನಿಂತಿದ್ದಾರೆ. ಅವರ ತುಟಿಗಳು ಒಂದೇ ಸಮನೆ ಅಲ್ಲಾಡುತ್ತಿವೆ.

ಪೊಲೀಸಿನವನೊಬ್ಬ ಅವರ ಹತ್ತಿರ ಹೋದ. “ಏನ್ ಯಜಮಾನ್ರೇ, ಒಳಗಡೆಯೋರಿಗೆ ಏನ್ ಹೇಳ್ಕೊಡ್ತಿದೀರಿ?” ಎಂದು ಕೇಳಿದ. ಮಾವ ಉತ್ತರ ಕೊಡಲಿಲ್ಲ. ಕೆನ್ನೆ ಊದಿಸಿಕೊಂಡು, ಕಣ್ಣು ದೊಡ್ಡದು ಮಾಡಿಕೊಂಡು, ಕೈಯಲ್ಲಿ ಏನೋ ಸನ್ನೆ ಮಾಡಿದರು. ಅವನು ಅವರ ತೋಳು ಹಿಡಿದು ಗೇಟಿನ ಹತ್ತಿರ ತಂದು ಕೂರಿಸಿದ. ಸಿಕ್ಕಿಬಿದ್ದ ಸಿಟ್ಟಿಗೆ ಬಾಯಿ ಬಿಗಿದುಕೊಂಡಿದ್ದಾರೆ ಎಂದುಕೊಂಡು ನಾನು ಮುಸಿಮುಸಿ ನಕ್ಕೆ.

ಗಿರಿಜೆಗೆ ಫಸ್ಟ್ ಕ್ಲಾಸ್ ಬಂತು. ಗಣಿತ, ವಿಜ್ಞಾನ ಎರಡರಲ್ಲೂ ನನ್ನ ಎಸ್ಸೆಸ್ಸೆಲ್ಸಿ ಅಂಕಗಳಿಗಿಂತ ಹೆಚ್ಚು, ಅದನ್ನು ಅವಳು ಇವತ್ತಿನವರೆಗೂ ಮರೆಯಲು ಬಿಟ್ಟಿಲ್ಲ. ಅಪ್ಪ, “ಗೆದ್ಲು ಬುಡು” ಎಂದು ಕೊತ್ತಗೆರೆಯವರಿಗೆ ತಾವೇ ಹೋಗಿ ಹೇಳಿ ಬಂದರು. ಗಿರಿಜೆ ಟಿ.ಸಿ.ಎಚ್. ಮುಗಿಸಿ ಚೇಳೂರಿನ ಹತ್ತಿರದ ಸ್ಕೂಲಿನಲ್ಲಿ ಟೀಚರಾದಳು. ನಮ್ಮ ವಂಶದಲ್ಲಿ ಸರ್ಕಾರಿ ಸಂಬಳ ಎಣಿಸಿದ ಮೊದಲ ಹೆಂಗಸು. ಅವಳ ಸ್ಕೂಲಿನ ಮಕ್ಕಳು ಬೋರ್ಡಿನ ಮುಂದೆ ತಡವರಿಸಿದರೆ ಅವಳು ಒಂದೇ ಪದ ಹೇಳಿ ಸುಮ್ಮನಾಗುತ್ತಿದ್ದಳಂತೆ.

ಮಾವ ಹೊಂಗೆ ಮರದ ಕೆಳಗಿಂದ ವಿಜ್ಞಾನ ಪರೀಕ್ಷೆ ಪಾಸು ಮಾಡಿಸಿದ ಕಥೆಯನ್ನು ನಾನು ಎಲ್ಲ ಮದುವೆ ಮುಂಜಿಗಳಲ್ಲೂ ಹೇಳಿ ನಗಿಸುತ್ತಾ ಬಂದಿದ್ದೆ. ಮಾವ ಬದುಕಿದ್ದಾಗ ಅವರ ಎದುರಿಗೇ ಹೇಳಿದ್ದೇನೆ. ಅವರು ತಲೆದೂಗಿ ಕೇಳಿ, ನಾನು ತಡೆದ ಕಡೆ ಪದ ಎತ್ತಿಕೊಡುತ್ತಿದ್ದರು. ಗಿರಿಜೆ ನಿವೃತ್ತಳಾದ ದಿನ ಮನೆಯವರೆಲ್ಲ ಸೇರಿದ್ದಾಗ ಮತ್ತೆ ಶುರುಮಾಡಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

“ಅಣ್ಣಾ, ಅವತ್ತು ಮಾವ ಏನೂ ಹೇಳ್ಕೊಡ್ಲಿಲ್ಲ.”

“ನಾನೇ ಕಣ್ಣಾರೆ ನೋಡಿದೀನಲ್ಲೇ, ತುಟಿ ಅಲ್ಲಾಡ್ತಿತ್ತು.”

“ಅಲ್ಲಾಡ್ತಿತ್ತು, ನಿಜ. ನಾನು ಒಂದು ಪ್ರಶ್ನೆಗೆ ತಡೆದೆ, ಎಲ್ಲಾ ಬೆಳ್ಳಗಾಯ್ತು. ಕಿಟಕಿ ಕಡೆ ನೋಡ್ದೆ. ಮಾವ ನಿಂತಿದ್ರು. ಬಾಯಿ ತುಂಬ ಎಲೆಯಡಿಕೆ ತುಂಬ್ಕೊಂಡು ಜಗೀತಿದ್ರು ಕಣೋ. ಮಾವ ಎಲೆಯಡಿಕೆ! ಇನ್ನು ಇವ್ರು ಪದ ಕೊಡಲ್ಲ, ನಂಗೆ ಬರುತ್ತೆ ಅಂತಾನೇ ಹಂಗೆ ಮಾಡವ್ರೆ ಅನ್ನಿಸ್ತು. ತಲೆ ಬಗ್ಗಿಸಿ ಬರೆದೆ.”

ಆಗ ನನಗೆ ಪರೀಕ್ಷೆಯ ದಿನದ ಸಂಜೆ ನೆನಪಾಯಿತು. ಆ ಸಂಜೆ ಹೆಬ್ಬೂರಿಗೆ ಮರಳಿದ ಮೇಲೆ ಅಮ್ಮ ಬಿಸಿಬಿಸಿ ಮುದ್ದೆ, ಖಾರದ ಸಾರು ಬಡಿಸಿದ್ದಳು. ಮಾವ ಬೇಡವೆಂದು ಬರೀ ಮಜ್ಜಿಗೆ ಅನ್ನ ಉಂಡು ಎದ್ದರು. ಮರುದಿನವೂ ಅಷ್ಟೇ. ನಾನು ಅದನ್ನು ಆತಂಕವೆಂದುಕೊಂಡಿದ್ದೆ. ಜನ್ಮದಲ್ಲಿ ಎಲೆ ಮುಟ್ಟದಿದ್ದ ಮನುಷ್ಯ, ಸುಣ್ಣ ಎಷ್ಟು ಹಚ್ಚಬೇಕೆಂದು ಯಾರನ್ನೂ ಕೇಳಲೂ ಇಲ್ಲ. ನಾಲಿಗೆ ಪೂರ್ತಿ ಸುಟ್ಟಿತ್ತು.