ಒಂದು ಇಂಪಾಲಾ, ಒಂದು ಗ್ಯಾಲಕ್ಸಿ, ಒಬ್ಬಳೇ ಮದುಮಗಳು

ಮನೆಯಲ್ಲಿ ಹಳೇ ಅಮೆರಿಕನ್ ಕಾರೊಂದಿದ್ದರೆ ನಗೆಪಾಟಲಾಗಲು ಬೇರೆ ಕಷ್ಟ ಪಡಬೇಕಿಲ್ಲ, ಅದರ ಪಾಡಿಗೆ ಅದು ಆಗುತ್ತಲೇ ಇರುತ್ತದೆ. ಜಯನಗರದ ನಮ್ಮ ಮನೆಯಲ್ಲಿ ಅರವತ್ತರ ದಶಕದ ಇಂಪಾಲಾ ಇದೆ. ಮನೆಯಲ್ಲಿ ಅಂದರೆ ಮುಕ್ಕಾಲು; ಬಾಲ ಗೇಟಿನಾಚೆ. ಪದ್ಮನಾಭನಗರದ ಗೆಳೆಯನ ಹತ್ತಿರ ಅದೇ ಕಾಲದ ಗ್ಯಾಲಕ್ಸಿ. ಯಾವುದು ಮೇಲು ಅಂತ ಕಾಫಿ ಆರಿಹೋಗುವಷ್ಟು ಹೊತ್ತು ಜಗಳವಾಡುವವರು ನಾವು. ಅಷ್ಟರಲ್ಲಿ ನನ್ನ ಅಕ್ಕನ ಮಗಳ ಮದುವೆ ಗೊತ್ತಾಯಿತು. ಅವಳು ಛತ್ರಕ್ಕೆ ಹೋಗುವುದು ಯಾವ ಕಾರಿನಲ್ಲಿ? ಸೋದರಮಾವನದು ಬಿಟ್ಟು ಇನ್ನೊಬ್ಬನದರಲ್ಲಿ ಹೋದರೆ ನಾನು ತಲೆ ಎತ್ತಿ ಓಡಾಡುವುದು ಹೇಗೆ?

ಮೊಳ

ಆಯುಧಪೂಜೆ ದಿನ ಗೆಳೆಯನ ಫೋನು. "ಮೂತಿಯಿಂದ ಡಿಕ್ಕಿವರೆಗೆ ಹನ್ನೆರಡು ಮೊಳ ಹೂ ಹಿಡೀತು ಗುರು. ನಿಂದಕ್ಕೆ?"

ನನ್ನದಕ್ಕೆ ಹತ್ತೇ ಸಾಕಾಗಿತ್ತು. ಸೀದಾ ಯಡಿಯೂರಿನ ಹೂವಾಡಗಿತ್ತಿಯ ಬಳಿ ಹೋಗಿ ದುಃಖ ತೋಡಿಕೊಂಡೆ. ಆಕೆ ಮೊಳಕೈ ಚಾಚಿ ತೋರಿಸಿದಳು. "ನಂದು ಉದ್ದ ಕೈ ಸಾರ್. ಅವ್ರು ಯಾರೋ ಕುಳ್ಳಿ ಹತ್ರ ತಗೊಂಡಿರ್ತಾರೆ."

ಜೀವ ಬಂತು. ಆ ಕೈಯ ಫೋಟೋ ತೆಗೆದು ಗೆಳೆಯನಿಗೆ ಸಾಕ್ಷಿ ಕಳಿಸಿದೆ. ಸಂಜೆ ಹೆಂಡತಿ ನನ್ನ ಮೊಬೈಲ್ ನೋಡಿ ತಣ್ಣಗೆ ಕೇಳಿದಳು: "ರೀ, ಇದು ಯಾರ ಕೈ?"

ಬಲಗಡೆ ಸೀಟು

ಬನಶಂಕರಿ ಸಿಗ್ನಲ್‌ನಲ್ಲಿ ಇಂಪಾಲಾ ಕೆಮ್ಮಿ ನಿಂತಿತು. ಹಿಂದಿನಿಂದ ಹಾರನ್ನೋ ಹಾರನ್ನು. ಪೊಲೀಸಿನವರು ಬಲಗಡೆ ಕಿಟಕಿಗೆ ಬಂದು ರೇಗಿದರು. "ಮೇಡಂ, ಗ್ರೀನ್ ಬಿದ್ದು ಎಷ್ಟೊತ್ತಾಯ್ತು? ಓಡ್ಸೋಕೆ ಬರಲ್ವಾ?"

ನಮ್ಮ ಕಾರಿಗೆ ಸ್ಟೇರಿಂಗ್ ಎಡಗಡೆ. ಬಲಗಡೆ ಕೂತಿದ್ದ ನನ್ನವಳು ನನ್ನತ್ತ ಬೆರಳು ಮಾಡಿದಳು. "ಓಡ್ಸೋರು ಅಲ್ಲಿದಾರೆ ಸಾರ್. ನಾನಿರೋದು ಬೈಸ್ಕೊಳ್ಳೋಕೆ."

ತೀರ್ಪು

ಕೊನೆಗೆ ಎರಡೂ ಕಾರು ತೊಳೆದು ನಮ್ಮ ರಸ್ತೆಯಲ್ಲಿ ನಿಲ್ಲಿಸಿದೆವು. ಮದುಮಗಳು ಎರಡನ್ನೂ ಸುತ್ತಿದಳು, ಎರಡರಲ್ಲೂ ಕೂತಳು, ಆಮೇಲೆ ಹೇಳಿದಳು: "ಮಾವ, ನಿಮ್ದೇ ಇರಲಿ."

ಗೆಳೆಯನ ಮುಖ ಸಣ್ಣಗಾಯಿತು. ನಾನು ಉಬ್ಬಿಹೋಗಿ, ಅವನಿಗೂ ಕೇಳಿಸಲಿ ಅಂತ ಜೋರಾಗಿಯೇ ಕೇಳಿದೆ. "ಯಾಕಮ್ಮ?"

"ಛತ್ರದ ಬಾಗಿಲಲ್ಲಿ ಫೋಟೋಗೆ ನಿಲ್ಸೋಕೆ. ನಿಮ್ದು ನಿಲ್ಲಿಸಿದ ಕಡೆ ನಿಂತಿರತ್ತೆ. ಅಂಕಲ್, ನಿಮ್ ಕಾರೂ ಬೇಕು. ಇದನ್ನ ಅಲ್ಲಿಗೆ ಎಳ್ಕೊಂಡು ಬರೋಕೆ."

"ಮತ್ತೆ ನೀನು?"

"ಮೆಟ್ರೋದಲ್ಲಿ. ನೀವೂ ನನ್ ಜೊತೇನೇ ಬನ್ನಿ ಮಾವ. ಕಾರು ಲೇಟಾದ್ರೆ ಪರವಾಗಿಲ್ಲ, ನನ್ನ ಮಂಟಪಕ್ಕೆ ಕರ್ಕೊಂಡು ಹೋಗೋಕೆ ನೀವು ಬೇಕು."

ನಿಜ ಹೇಳುತ್ತೇನೆ, ಆ ಮಾತಿಗೆ ಕಣ್ಣು ತುಂಬಿತು. ಮದುವೆ ದಿನ ರೇಷ್ಮೆ ಪಂಚೆಯುಟ್ಟು ಮದುಮಗಳ ಪಕ್ಕ ಮೆಟ್ರೋದಲ್ಲಿ ನಿಂತು ಕೆಳಗೆ ನೋಡಿದರೆ, ಟ್ರಾಫಿಕ್ಕಿನಲ್ಲಿ ಎರಡೂ ಕಾರು ಹಗ್ಗ ಕಟ್ಟಿಕೊಂಡು ಅಲ್ಲಾಡದೆ ನಿಂತಿದ್ದವು. ನನ್ನದರಲ್ಲಿ ಮೆಕ್ಯಾನಿಕ್ಕು, ಗೆಳೆಯನದರಲ್ಲಿ ಅವನೇ. ಅಷ್ಟರಲ್ಲಿ ಅವನ ಫೋನು ಬಂತು.

"ನೋಡ್ದಾ ಮಗಾ? ನನ್ ಗ್ಯಾಲಕ್ಸಿನೇ ಮುಂದಿದೆ!"