ಒಳಮಡಿಕೆ ಬಿಚ್ಚದೆ ಕೊಂಡ ಪಾಲಿಸಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕ್ಯಾಮೆರಾ ಕಂಡರೆ ನನ್ನ ನಾಲಿಗೆ ನನ್ನ ಹಿಡಿತದಲ್ಲಿರುವುದಿಲ್ಲ. ಬನಹಟ್ಟಿಯಲ್ಲಿ ನನ್ನದೊಂದು ಸೀರೆ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನನ್ನು ಸೀರೆ ಗಂಟಿಗೆ ಆನಿಸಿಟ್ಟು, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಒಗೆಯುವವರಿಂದ ಹಿಡಿದು ಎಲ್ಲರನ್ನೂ ಬೈದು ಫೇಸ್‌ಬುಕ್ಕಿಗೆ ಹಾಕುತ್ತೇನೆ. "ಅಣ್ಣಾರು ಇದ್ದದ್ದು ಇದ್ದಂಗ ಹೇಳ್ತಾರ" ಎಂದು ಜನ ಬರೆಯುತ್ತಾರೆ. ಆ ಮಾತು ನನ್ನ ತಲೆಗೇರಿತ್ತು.

ನಮ್ಮ ಧಂದೆಯಲ್ಲಿ ಮೊದಲು ಕಲಿಯುವ ಪಾಠ, ಸೀರೆಯ ಮೇಲುಮಡಿಕೆ ನೋಡಿ ಒಪ್ಪಬಾರದು ಎಂಬುದು. ಎಳೆ ಕಡಿದ ಜಾಗ ಯಾವಾಗಲೂ ಒಳಮಡಿಕೆಯಲ್ಲಿ ಹೋಗಿ ಕೂತಿರುತ್ತದೆ. ಮಗ್ಗದ ಮನೆಯಲ್ಲೇ ಬೆಳೆದ ನನ್ನ ಹೆಂಡತಿ ಮಾದೇವಿಯಂತೂ ಉಡುಗೊರೆ ಬಂದ ಸೀರೆಯನ್ನೂ ಕೊಟ್ಟವರೆದುರೇ ಬಿಚ್ಚಿ ನೋಡುವವಳು.

ಇಷ್ಟೆಲ್ಲ ಬಲ್ಲ ನನ್ನನ್ನು ಒಂದು ಆರೋಗ್ಯ ವಿಮೆ ಕಂಪನಿಯವರು ಜಮಖಂಡಿಯ ಸಭೆಗೆ ಕರೆದರು. ವಿಮೆಯ ನಿಯಮಗಳು ಸುಧಾರಣೆಯಾಗಿವೆ, ಜನರಿಗೆ ತಿಳಿಸಬೇಕಂತೆ. ಗೋಡೆ ತುಂಬ ಬ್ಯಾನರು: "ಹಳೆಯ ಕಾಯಿಲೆಗೂ ಇನ್ನು ರಕ್ಷಣೆ! ಸುಧಾರಣೆಗೆ ನಾವು ಸದಾ ಸಿದ್ಧ!" ನಗುವ ಅಜ್ಜಿ, ನಗುವ ಡಾಕ್ಟರು, ನಗುತ್ತಲೇ ಸಲೈನ್ ಹಾಕಿಸಿಕೊಂಡ ಅಜ್ಜ. ಟೈ ಕಟ್ಟಿದ ಅಧಿಕಾರಿ ನನಗೆ ಶಾಲು ಹೊದಿಸಿ, ಒಂದು ಊಟದ ಡಬ್ಬಿ ಕೈಗಿಟ್ಟು, ಕ್ಯಾಮೆರಾ ಎದುರು ನಿಲ್ಲಿಸಿ, "ಸರ್, ನಿಮ್ಮ ಭಾಷೆಯಲ್ಲೇ ಎರಡು ಮಾತು" ಅಂದರು. ಮನೆಮಂದಿಗೆಲ್ಲ ಎಂದು ಅಲ್ಲೇ ಕೊಂಡ ಪಾಲಿಸಿಗೆ ಸಹಿ ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ. ನಾನು ಡಬ್ಬಿ ಎದೆಗವಚಿಕೊಂಡು ಶುರುಮಾಡಿದೆ: "ನೋಡ್ರೆಪಾ, ಸುಧಾರಣಿ ಬಂದೈತಿ. ಇನ್ನ ಯಾವ ಬ್ಯಾನಿಗೂ ಅಂಜೂದು ಬ್ಯಾಡ. ನಮ್ಮ ಮನ್ಯಾಗ ಎಲ್ಲಾರೂ ಆರಾಮ ನಿದ್ದಿ ಮಾಡಾಕತ್ತೇವಿ!"

ನಾಲ್ಕು ತಿಂಗಳಾಗಿತ್ತು, ಮಾದೇವಿಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು. ತಡಮಾಡದೆ ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ನಾನು ಗತ್ತಿನಿಂದ ಆ ಅಧಿಕಾರಿಗೆ ಫೋನ್ ಹಚ್ಚಿದೆ. ನನ್ನ ವಜನು ಹೆಂಡತಿಗೂ ಗೊತ್ತಾಗಲಿ ಎಂದು ಸ್ಪೀಕರ್ ಬೇರೆ ಹಾಕಿದ್ದೆ.

"ಸರ್, ಈ ಕಾಯಿಲೆಗೆ ಕಾಯುವ ಅವಧಿ ಇದೆ. ಪಾಲಿಸಿ ತಗೊಂಡು ಎರಡು ವರ್ಷ ಆಗಬೇಕು."

"ಮತ್ತ ಸುಧಾರಣಿ ಅಂದಿದ್ರೆಲ್ರಿ?"

"ಆಗಿದೆಯಲ್ಲ ಸರ್. ಪಾಲಿಸಿಗೆ ಮುಂಚೆಯೇ ಇದ್ದ ಹಳೇ ಕಾಯಿಲೆಗಳಿಗೆ ಮೊದಲು ಇನ್ನೂ ಜಾಸ್ತಿ ಕಾಯಬೇಕಿತ್ತು. ಕಲ್ಲಿನಂಥವು ಬೇರೆ ಪಟ್ಟಿಯಲ್ಲಿವೆ."

ಮಾದೇವಿ ಫೋನ್ ಕಸಿದುಕೊಂಡಳು. "ಸಾಹೇಬ್ರ, ಹಂಗಾರ ನೀವ ಈ ಕಲ್ಲಿಗೊಂದು ಮಾತು ಹೇಳ್ರಿ. ಎರಡು ವರ್ಷ ಸುಮ್ನ ಕುಂಡ್ರು ಅಂತ."

ಆಮೇಲೆ ಪಾಲಿಸಿ ಪುಸ್ತಕ ತೆಗೆದು ಓದಿದೆ. ಎಲ್ಲವೂ ಒಳಗಿನ ಪುಟಗಳಲ್ಲಿತ್ತು. ಬ್ಯಾನರಿನ ಮೇಲೆ ಒಂದೂ ಸುಳ್ಳಿರಲಿಲ್ಲ. ನನ್ನನ್ನು ಕಾಡಿದ್ದೂ ಅದೇ. ಸರ್ಕಾರ ಹಳೆಯ ಕಾಯಿಲೆಗಳ ಕಾಯುವ ಅವಧಿ ಇಳಿಸಿದ್ದು ಖರೆ, ಒಳ್ಳೆಯದೇ. ಆದರೆ ಯಾವ ಕಂಪನಿಯವರಿಗೆ ನಿಯಮ ಮಾಡಿ ಹೇಳಬೇಕಾಯಿತೋ ಅವರೇ ಅದನ್ನು ತಾವು ಕೊಟ್ಟ ಉಡುಗೊರೆಯಂತೆ ಸಾರುತ್ತಾ ತಿರುಗಿದರೆ, ಸುಧಾರಿಸಿದ್ದು ರೋಗಿಯ ಪಾಡೋ ಬ್ಯಾನರಿನ ಬಣ್ಣವೋ ತಿಳಿಯುವುದಿಲ್ಲ.

ಸಿಟ್ಟಿನಿಂದ ಕಂಪನಿಯ ವಾಟ್ಸಾಪಿಗೆ ಉದ್ದದ ದೂರು ಬರೆದೆ. ತಕ್ಷಣ ಉತ್ತರ ಬಂತು: "ನಿಮ್ಮ ನೆಮ್ಮದಿಯೇ ನಮ್ಮ ಗುರಿ. ದಯವಿಟ್ಟು ಈ ವಿಡಿಯೋ ನೋಡಿ." ಒತ್ತಿದೆ. ಡಬ್ಬಿ ಎದೆಗವಚಿಕೊಂಡು ನಾನೇ ಬಂದೆ. "ಇನ್ನ ಯಾವ ಬ್ಯಾನಿಗೂ ಅಂಜೂದು ಬ್ಯಾಡ..."

ಹೊಟ್ಟೆ ಹಿಡಿದುಕೊಂಡೇ ಮಾದೇವಿ ವಿಡಿಯೋದಲ್ಲಿದ್ದ ನನ್ನತ್ತ ಬೆರಳು ತೋರಿಸಿ ಅಂದಳು: "ಈ ಮನಿಶ್ಯಾನ ಮಾತು ನಂಬಬ್ಯಾಡ್ರಿ. ಇಪ್ಪತ್ತೆರಡು ವರ್ಷ ಆತು, ನಾ ನೋಡಾಕತ್ತೇನಿ."

ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಕಾದು ಆಪರೇಷನ್ ಮಾಡಿಸಿದೆವು. ಕಾದ ಅಷ್ಟೂ ದಿನ ಅವಳು ನೋವು ನುಂಗಿಕೊಂಡಿದ್ದಳು; ಮನೆಯಲ್ಲಿ ಯಾರೂ ಆರಾಮ ನಿದ್ದೆ ಮಾಡಲಿಲ್ಲ. ಅವಳು ಎದ್ದು ಕೂತ ದಿನ, ವಾರ್ಡಿನ ಹೊರಗೆ ನಿಂತು ಹೊಸ ವಿಡಿಯೋ ಮಾಡಿದೆ. ನಡೆದದ್ದೆಲ್ಲ ಹೇಳಿ, ಪಾಲಿಸಿಯ ಒಳಪುಟ ಓದದೆ ಸಹಿ ಹಾಕಬೇಡಿ ಎಂದೆ. ಜೀವಮಾನದಲ್ಲಿ ಅಷ್ಟು ಪ್ರಾಮಾಣಿಕವಾಗಿ ನಾನು ಮಾತಾಡಿದ್ದೇ ಇಲ್ಲ.

ಮೊದಲ ಕಾಮೆಂಟು ಬಂತು: "ಅಣ್ಣಾ, ಹೋದ ಸಲ ಡಬ್ಬಿ ಕೊಟ್ಟಿದ್ರು. ಈ ಸಲ ಬ್ಯಾರೆ ಕಂಪನಿಯವ್ರು ಏನ್ ಕೊಟ್ರು?" ಅದಕ್ಕೆ ಆಗಲೇ ನಲವತ್ತು ಲೈಕು.

ಒಳಗೆ ಹೋಗಿ ಮಾದೇವಿಗೆ ಓದಿ ಹೇಳಿದೆ. ಅವಳು ನಾನು ತಂದ ಗಂಜಿ ಕುಡಿಯುತ್ತಿದ್ದಳು, ಅದೇ ಡಬ್ಬಿಯಲ್ಲಿ. ಹೊಲಿಗೆ ಜಗ್ಗೀತೆಂದು ಹೊಟ್ಟೆ ಒತ್ತಿ ಹಿಡಿದು ನಕ್ಕಳು.

"ಜಾಣರದಾರ ಬಿಡ್ರಿ. ನಿಮ್ಮ ಒಳಮಡಿಕಿ ಬಿಚ್ಚಿ ನೋಡ್ಯಾರ."