ಅಟ್ಟದ ಮೇಲಿಟ್ಟ ಚಿಪ್

ಕೊಡಗಿನವರಿಗೆ ದೇವರ ಮೇಲಿನ ನಂಬಿಕೆ ಸಡಿಲವಾದರೂ ಒಲೆಯ ಮೇಲಿನದು ಸಡಿಲವಾಗುವುದಿಲ್ಲ. ಮಳೆ ಹಿಡಿಯಿತೆಂದರೆ ಭಾಗಮಂಡಲದ ನಮ್ಮ ಮನೆಯಲ್ಲಿ ಕಾಲುಚೀಲ, ಹಪ್ಪಳ, ಮಕ್ಕಳ ಪುಸ್ತಕ ಎಲ್ಲವೂ ಬಚ್ಚಲೊಲೆಯ ಮೇಲಿನ ಬಿದಿರಿನ ಅಟ್ಟಕ್ಕೇ ಹೋಗಬೇಕು. ನನ್ನ ಪಿಎಚ್‌ಡಿ ಪದವಿಪತ್ರವೂ ಅಲ್ಲೇ ಒಂದು ಮಳೆಗಾಲ ಕಳೆದು ಈಗ ಹೊಗೆಯ ಬಣ್ಣದಲ್ಲಿ ಗೋಡೆಯ ಮೇಲಿದೆ. ಅಷ್ಟರಿಂದಲೇ ನನಗೆ ಬುದ್ಧಿ ಬರಬೇಕಿತ್ತು.

ನಾನು ಮಡಿಕೇರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನನ್ನ ಕೈಕೆಳಗೆ ಸಂಶೋಧನೆ ಮಾಡುವ ದೇಚಮ್ಮನ ಕೆಲಸ ನ್ಯಾನೋ ಕಣಗಳನ್ನು ಗಾತ್ರ ನೋಡಿ ಬೇರೆ ಮಾಡುವುದು. ಕಾಫಿ ಬೀಜ ಜರಡಿ ಹಿಡಿದ ಹಾಗೆಯೇ. ಇಲ್ಲಿ ಜರಡಿಯೆಂದರೆ ಉಗುರಿನಷ್ಟು ಗಾಜಿನ ಚಿಪ್, ಅದರೊಳಗೆ ಕಣ್ಣಿಗೆ ಕಾಣದ ಕಾಲುವೆ. ಕಾಲುವೆಯ ಸೂರು ಮುಂದೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ತಗ್ಗುತ್ತದೆ. ನೀರಿನ ಜೊತೆ ಬಂದ ದೊಡ್ಡ ಕಣ ಮೊದಲೇ ತಲೆ ತಾಗಿ ನಿಲ್ಲುತ್ತದೆ, ಚಿಕ್ಕದು ಮುಂದೆ ಸಾಗುತ್ತದೆ. ದೂರದ ದೊಡ್ಡ ಲ್ಯಾಬಿನಲ್ಲಿ ಸರದಿ ಕಾದು ಅವಳು ಮಾಡಿಸಿಕೊಂಡು ಬಂದದ್ದು ಒಂದೇ ಚಿಪ್. ಅದೇ ಲ್ಯಾಬಿನಲ್ಲಿ ಅವಳಿಗೊಂದು ಸಂಶೋಧನೆಯ ಸೀಟಿನ ಸಂದರ್ಶನವಿತ್ತು. ಫಲಿತಾಂಶ ತೋರಿಸಿದರೆ ಸೀಟು ಬಹುತೇಕ ಖಾತ್ರಿ.

ಅಷ್ಟರಲ್ಲಿ ನಮ್ಮ ಲ್ಯಾಬಿನ ಗೋಡೆ ಜಿನುಗತೊಡಗಿತು. ಚಿಪ್ ಹಾಳಾದೀತೆಂದು ವಾರಾಂತ್ಯಕ್ಕೆ ಮನೆಗೆ ಒಯ್ಯಲು ನಾನೇ ಮುಂದಾದೆ. "ಡಬ್ಬಿಯ ಮುಚ್ಚಳ ಮಾತ್ರ ತೆಗಿಬೇಡಿ ಸರ್" ಎಂದಳು ದೇಚಮ್ಮ. ಮನೆಯಲ್ಲಿ ಹೆಂಡತಿ "ಥಂಡಿ ಹಿಡಿತದೆ ಮಾರಾಯ್ರೆ, ಅಟ್ಟದಲ್ಲಿಡಿ" ಎಂದದ್ದೇ ತಡ, ಇಟ್ಟುಬಿಟ್ಟೆ. ಸ್ವಲ್ಪ ಬಿಸಿ ತಾಗಲಿ ಎಂದು ಮುಚ್ಚಳವನ್ನೂ ಸರಿಸಿದೆ. ಆ ಬುದ್ಧಿ ಮಾತ್ರ ಪೂರ್ತಿ ನನ್ನದೇ.

ಸೋಮವಾರ ದೇಚಮ್ಮ ಚಿನ್ನದ ಕಣಗಳ ದ್ರಾವಣ ಹರಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಒಲೆಯ ಮಸಿ ಕಾಲುವೆಯ ಬಾಯಲ್ಲಿ ಕೂತಿದ್ದು, ದ್ರಾವಣದ ಜೊತೆ ಒಳಗೆ ನುಗ್ಗಿತ್ತು. ಕಣ್ಣು ತೆಗೆಯದೆಯೇ ಅವಳು, "ಚಿಪ್ ಚೆಂದ ಕೆಲಸ ಮಾಡ್ತಾ ಉಂಟು ಸರ್. ದೊಡ್ಡ ಮಸಿ ಈಚೆ, ಸಣ್ಣ ಮಸಿ ಆಚೆ. ಚಿನ್ನಕ್ಕೆ ಮಾತ್ರ ಜಾಗ ಇಲ್ಲ" ಎಂದಳು. ಎಷ್ಟು ತೊಳೆದರೂ ಮಸಿ ಜಗ್ಗಲಿಲ್ಲ. ಬೈದಿದ್ದರೆ ನನ್ನ ಪಾಪ ಅರ್ಧವಾದರೂ ಕಳೆಯುತ್ತಿತ್ತು. ಅವಳು ನನಗೆ ಕಾಫಿ ತಂದುಕೊಟ್ಟಳು. ಸಂದರ್ಶನಕ್ಕೆ ಬರಿಗೈಯಲ್ಲಿ ಹೋದಳು, ಹಾಗೆಯೇ ವಾಪಸು ಬಂದಳು. ಈಗ ಹೊಸ ಚಿಪ್‌ಗಾಗಿ ಮತ್ತೆ ಸರದಿಯಲ್ಲಿದ್ದಾಳೆ.

ಮೊನ್ನೆ ಲ್ಯಾಬ್ ನೋಡಲು ಬಂದ ಹೊಸ ವಿದ್ಯಾರ್ಥಿಗಳಿಗೆ ಅವಳು ಆ ಹಾಳಾದ ಚಿಪ್ ತೋರಿಸುತ್ತಿದ್ದಳು. "ದೊಡ್ಡದೊಂದು ಬಾಯಲ್ಲೇ ಸಿಕ್ಕಿಕೊಂಡ್ರೆ ಮುಗೀತು. ಮುಂದೆ ದಾರಿ ಉಂಟು, ಆದ್ರೂ ಹಿಂದಿನ ಚಿಕ್ಕದಕ್ಕೆ ಹೋಗ್ಲಿಕ್ಕೆ ಆಗಲ್ಲ." ಮಾತಿನಲ್ಲಿ ಕೊಂಕಿರಲಿಲ್ಲ, ಅವಳು ಪಾಠ ಹೇಳುತ್ತಿದ್ದಳು ಅಷ್ಟೆ. ನಾನು ಲ್ಯಾಬಿನ ಬಾಗಿಲಿಗೆ ಅಡ್ಡಲಾಗಿ ನಿಂತು ಕೇಳುತ್ತಿದ್ದೆ. ಯಾರೂ ಹೇಳದಿದ್ದರೂ ಪಕ್ಕಕ್ಕೆ ಸರಿದು ನಿಂತೆ.